ಚಿಕ್ಕಪ್ಪನ ಕಣ್ಣು, ಕಿರಣನ ಶಾಫ್ಟ್

ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಜಗಳಕ್ಕೆ ಸಾಮಾನ್ಯವಾಗಿ ಕಾರಣ ಬೇಕಾಗುವುದಿಲ್ಲ. ಈ ಸಲ ಕಾರಣವಿತ್ತು. ನಾನು ಸುಮಾ, ಕಿರಣ ನನ್ನ ತಮ್ಮ. ಪೂಲ್ ಟೇಬಲ್ ಇರುವುದು ಮಾಧವ ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿರುವ ಒಂದೇ ಒಂದು ಒಳ್ಳೆಯ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಮಾತ್ರ ಎಲ್ಲರದು. ಶನಿವಾರ ನಡೆದದ್ದನ್ನು ಇದ್ದಂತೆಯೇ ಇಳಿಸಿದ್ದೇನೆ, ನಡುನಡುವೆ ಬಂದ ಶುಭೋದಯದ ಹೂವುಗಳನ್ನು ಬಿಟ್ಟು.

ಕಿರಣ: (ವಿಡಿಯೊ, 40 ಸೆಕೆಂಡು) ಎಲ್ಲರೂ ನೋಡಿ. ಲೋ ಡಿಫ್ಲೆಕ್ಷನ್ ಶಾಫ್ಟ್. ಕ್ಯೂವಿನ ಮುಂಭಾಗ ಇದು, ತುದಿ ಟೊಳ್ಳು, ಚೆಂಡು ದಾರಿ ಬಿಟ್ಟು ಸಿಡಿಯುವುದು ಕಡಿಮೆ. ಸ್ಪಿನ್ ದುಪ್ಪಟ್ಟಾಗುತ್ತದೆ, ಗುರಿ ತಪ್ಪುವ ಮಾತೇ ಇಲ್ಲ ಎನ್ನುತ್ತಿದ್ದಾನೆ ವಿಡಿಯೊದವನು.

ಚಿಕ್ಕಪ್ಪ: ಗುರಿ ತಪ್ಪದ ಕೋಲು ಇನ್ನೂ ಹುಟ್ಟಿಲ್ಲ. 1954ರಲ್ಲಿ ಅಮೆರಿಕದ ಆಟಗಾರ ವಿಲ್ಲಿ ಮೊಸ್ಕೋನಿ ಒಂದೇ ಸರದಿಯಲ್ಲಿ 526 ಚೆಂಡು ಪಾಕೆಟ್‌ಗೆ ಹಾಕಿದ. ಆಗ ಯಾವ ಟೊಳ್ಳು ಶಾಫ್ಟ್ ಇತ್ತು?

ಕಿರಣ: ಆಗ ಇರಲಿಲ್ಲ ಎಂಬ ಕಾರಣಕ್ಕೆ ಈಗಲೂ ಬೇಡವೇ ಚಿಕ್ಕಪ್ಪ? ಪ್ರಿಡೇಟರ್ ಕಂಪನಿ 1990ರ ದಶಕದಲ್ಲೇ ಇಂಥದ್ದನ್ನು ತಂದಿತು. ಇದೇನು ನಿನ್ನೆ ಮೊನ್ನೆಯ ಹುಚ್ಚಲ್ಲ.

ಚಿಕ್ಕಪ್ಪ: ವಾದಕ್ಕೆ ಈಗ ಮನಸ್ಸಿಲ್ಲ ಮಾರಾಯ. ನಿನ್ನೆ ರಾತ್ರಿ ಆಟ ಪೂರ್ತಿ ಕೈಕೊಟ್ಟಿತು. ಏಳು ಸುಲಭದ ಹೊಡೆತಗಳು ತಪ್ಪಿದವು. ಮಂಗಳವಾರಕ್ಕೆ ಕಣ್ಣಿನ ವೈದ್ಯರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ.

ಚಿಕ್ಕಮ್ಮ: ಎರಡು ವರ್ಷದಿಂದ ನಾನು ಹೇಳುತ್ತಲೇ ಇದ್ದೆ. ಪತ್ರಿಕೆಯನ್ನು ಮಾರು ದೂರ ಹಿಡಿದು ಓದುವಾಗ ಹೊಳೆಯಲಿಲ್ಲ, ಚೆಂಡು ತಪ್ಪಿದಾಗ ಹೊಳೆಯಿತು.

ನಾನು: ಚಿಕ್ಕಪ್ಪ, ತಪ್ಪಿದ ಏಳರಲ್ಲಿ ಎಷ್ಟಕ್ಕೆ ಸೈಡ್ ಹಾಕಿದ್ದಿರಿ, ಅಂದರೆ ಬಿಳಿ ಚೆಂಡಿನ ನಡು ಬಿಟ್ಟು ಪಕ್ಕಕ್ಕೆ ಹೊಡೆದಿದ್ದಿರಿ?

ಚಿಕ್ಕಪ್ಪ: ಏಳಕ್ಕೂ. ಅದಕ್ಕೇನೀಗ? ಒಂದನ್ನು ಹೇಳುತ್ತೇನೆ ಕೇಳು. ಎಂಟನೆಯ ಚೆಂಡು, ಎಡಗಡೆಯ ದೂರದ ಮೂಲೆಗೆ. ಅದರ ಬಲ ಅಂಚಿಗೆ ಬಿಳಿ ಚೆಂಡು ತಗುಲಿಸಿ ಎಡಕ್ಕೆ ಕತ್ತರಿಸಬೇಕು, ಬಲ ಸೈಡ್ ಹಾಕಿ ಬಿಳಿ ಚೆಂಡನ್ನು ಟೇಬಲ್ ಅಂಚಿನ ಎರಡು ಕುಶನ್ ಸುತ್ತಿಸಿ ಟೇಬಲ್ ನಡುವಿಗೆ ತರಬೇಕು. ನಿದ್ದೆಗಣ್ಣಿನಲ್ಲೂ ಹೊಡೆಯುತ್ತಿದ್ದ ಹೊಡೆತ ಅದು. ನಿನ್ನೆ ತೀರಾ ತೆಳುವಾಗಿ, ಅಂಚಿಗಷ್ಟೇ ತಗುಲಿ, ಪಾಕೆಟ್‌ನ ಎಡ ದವಡೆಗೆ ಬಡಿದು, ಅಲ್ಲೇ ಕುಳಿತು ನನ್ನ ಮುಖ ನೋಡಿತು.

ನಾನು: ಸೈಡ್ ಇಲ್ಲದೆ ನಡುವಿಗೆ ಹೊಡೆದವು?

ಚಿಕ್ಕಪ್ಪ: ಎಲ್ಲವೂ ಬಿದ್ದವು.

ನಾನು: ಒಳಗಡೆಯ ಸೈಡ್ ಹಾಕಿದಾಗ? ಎಡಕ್ಕೆ ಕತ್ತರಿಸುವಾಗ ಎಡ ಸೈಡ್?

ಚಿಕ್ಕಪ್ಪ: ಅವು ದಪ್ಪವಾಗಿ ತಗುಲಿ ಪಾಕೆಟ್‌ನ ಈಚೆಗೇ ಹೋದವು. ನೀನೇನು ಕಣ್ಣಿನ ವೈದ್ಯಳೇ?

ನಾನು: ಕಣ್ಣು ಕೆಟ್ಟಿದ್ದರೆ ಹೊಡೆತ ಎಲ್ಲೆಂದರಲ್ಲಿ ತಪ್ಪುತ್ತಿತ್ತು. ಇದು ಲೆಕ್ಕವಿಟ್ಟು ತಪ್ಪಿದೆ. ಹೊರ ಸೈಡಿಗೆ ತೆಳು, ಒಳ ಸೈಡಿಗೆ ದಪ್ಪ. ಕಿರಣ, ಏನಾದರೂ ಹೇಳುವುದಿದೆಯೇ?

ಇಲ್ಲಿ ಆರು ನಿಮಿಷ ಕಿರಣ ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಅಷ್ಟು ಬೆವರಿದ ಮೇಲೆ ಬಂದದ್ದು ಮೂರು ವಾಕ್ಯ.

ಕಿರಣ: ಗುರುವಾರ ಬಂದಾಗ ಹಳೆಯ ಶಾಫ್ಟ್ ಬಿಚ್ಚಿ ಹೊಸದನ್ನು ಹಾಕಿದ್ದೇನೆ. ತಿರುಪು ಸರಿಯಾಗಿ ಕೂರುತ್ತದೆಯೇ ನೋಡೋಣ ಎಂದು. ಹಳೆಯದು ಬೀರುವಿನ ಮೇಲಿದೆ.

ಚಿಕ್ಕಪ್ಪ: ನೋಡಿ ಆದ ಮೇಲೆ ತೆಗೆಯಬೇಕೆಂದು ಅನ್ನಿಸಲಿಲ್ಲವೇ? ರಾತ್ರಿ ಎರಡು ಗಂಟೆಯವರೆಗೆ ನನಗೆ ನಿದ್ದೆ ಇಲ್ಲ. ಇನ್ನು ಆಟ ಮುಗಿಯಿತು ಎಂದುಕೊಂಡು ಮಲಗಿದ್ದೆ.

ಕಿರಣ: ಕೈಗೆತ್ತಿಕೊಂಡ ತಕ್ಷಣ ನೀವೇ ಗುರುತಿಸುತ್ತೀರಿ ಎಂದುಕೊಂಡೆ. ತುದಿಯ ಟಿಪ್ ಹತ್ತಿರದ ಬಿಳಿ ಪಟ್ಟಿ, ಆ ಫೆರೂಲ್, ಅರ್ಧಕ್ಕರ್ಧ ಗಿಡ್ಡ ಇದೆಯಲ್ಲ.

ಚಿಕ್ಕಪ್ಪ: ನೋಡಿದೆ. ಸವೆದಿದೆ ಎಂದುಕೊಂಡೆ.

ಅತ್ತೆ: ಮಾಧವ, ಒಂದು ಕೋಲಿನ ತುದಿ ಬದಲಾದರೆ ಇಷ್ಟು ರಂಪವೇ? ಸುಮಾ, ನನಗೆ ಅರ್ಥವಾಗುವ ಹಾಗೆ ಹೇಳು.

ಕಿರಣ: ಅತ್ತೆ, ಚೆಂಡಿಗೆ ಇಂಗ್ಲಿಷ್ ಹಾಕಿದಾಗ

ಅತ್ತೆ: ಚೆಂಡಿಗೂ ಇಂಗ್ಲಿಷ್ ಕಲಿಸಿದಿರಾ?

ನಾನು: ಅಮೆರಿಕದವರು ಸೈಡಿಗೆ ಹಾಗೆನ್ನುತ್ತಾರೆ ಅತ್ತೆ, ಬಿಡಿ. ಬಿಳಿ ಚೆಂಡಿನ ಬಲಗಡೆಗೆ ಟಿಪ್ ತಗುಲಿಸಿದರೆ ಅದು ಬುಗುರಿಯಂತೆ ತಿರುಗುತ್ತದೆ. ಅದು ನಮಗೆ ಬೇಕಾದದ್ದು. ಜೊತೆಗೆ, ಕ್ಯೂ ತೋರಿಸಿದ ದಾರಿಯನ್ನು ಬಿಟ್ಟು ಸ್ವಲ್ಪ ಎಡಕ್ಕೆ ಸಿಡಿಯುತ್ತದೆ, ಅದು ಬೇಡದ್ದು. ಟಿಪ್ ಚೆಂಡನ್ನು ಮುಟ್ಟಿರುವುದು ಒಂದು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು. ಅಷ್ಟರಲ್ಲೇ ತಿರುಗತೊಡಗಿದ ಚೆಂಡು ಶಾಫ್ಟ್‌ನ ತುದಿಯನ್ನು ಬಲಕ್ಕೆ ತಳ್ಳುತ್ತದೆ, ತುದಿ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ತುದಿ ಭಾರವಿದ್ದಷ್ಟೂ ಈ ತಳ್ಳು ಜಾಸ್ತಿ. ಇಡೀ ಕ್ಯೂವಿನ ತೂಕ ಇಲ್ಲಿ ಲೆಕ್ಕಕ್ಕಿಲ್ಲ, ಮುಂದಿನ ಒಂದು ಗೇಣಿನದಷ್ಟೇ. ಅದಕ್ಕಾಗಿ ಹೊಸ ಶಾಫ್ಟ್‌ನ ತುದಿಯನ್ನು ಕೊರೆದು ಟೊಳ್ಳು ಮಾಡಿ, ಫೆರೂಲನ್ನು ಗಿಡ್ಡ ಮಾಡಿರುತ್ತಾರೆ. ಚಿಕ್ಕಪ್ಪನ ಕೈ ಮೂವತ್ತು ವರ್ಷದಿಂದ ಆ ಸಿಡಿತವನ್ನು ಲೆಕ್ಕ ಹಾಕಿಕೊಂಡು, ಬಲ ಸೈಡ್ ಹಾಕುವಾಗ ಕ್ಯೂವನ್ನು ಒಂದಿಷ್ಟು ಬಲಕ್ಕೆ ತೋರಿಸುತ್ತಿದೆ. ಅವರಿಗೇ ಗೊತ್ತಿಲ್ಲದ ಹಾಗೆ. ಈಗ ಸಿಡಿತ ಕಡಿಮೆಯಾಗಿದೆ, ಕೈ ಮಾತ್ರ ಹಳೆಯ ಲೆಕ್ಕವನ್ನೇ ಹಿಡಿದಿದೆ. ಸಾಲ ತೀರಿದ ಮೇಲೂ ಕಂತು ಕಟ್ಟಿದ ಹಾಗೆ.

ಅತ್ತೆ: ಕಂತಿನ ಮಾತು ಅರ್ಥವಾಯಿತು.

ಚಿಕ್ಕಪ್ಪ: ಆ ವ್ಯತ್ಯಾಸ ಎಷ್ಟಿದ್ದೀತು? ಒಂದು ಡಿಗ್ರಿ?

ನಾನು: ಒಂದೇ ಡಿಗ್ರಿ ಎಂದುಕೊಳ್ಳಿ. ಎರಡು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅದು 3.5 ಸೆಂಟಿಮೀಟರ್ ಆಗುತ್ತದೆ. ಚೆಂಡಿನ ವ್ಯಾಸವೇ 5.7.

ಚಿಕ್ಕಪ್ಪ: ಹೂಂ.

ಕಿರಣ: ಹಾಗಾದರೆ ವಿಡಿಯೊದವನು ಹೇಳಿದ್ದು ಸರಿಯಾಯಿತಲ್ಲ ಅಕ್ಕ!

ನಾನು: ಅರ್ಧ ಸರಿ. ಸ್ಪಿನ್ ದುಪ್ಪಟ್ಟು ಎಂಬುದು ಬುರುಡೆ. ನಡುವಿನಿಂದ ಎಷ್ಟು ದೂರಕ್ಕೆ, ಎಷ್ಟು ವೇಗವಾಗಿ ಹೊಡೆಯುತ್ತೀಯೋ ಅಷ್ಟು ಸ್ಪಿನ್. ಚೆಂಡಿನ ತ್ರಿಜ್ಯದ ಅರ್ಧ, ಅಂದರೆ ಸುಮಾರು 14 ಮಿಲಿಮೀಟರ್ ದಾಟಿದರೆ ಯಾವ ಟಿಪ್ ಆದರೂ ಜಾರುತ್ತದೆ. ಹೊಸ ಶಾಫ್ಟ್ ಆ ಗೆರೆಯನ್ನು ಆಚೆಗೆ ಸರಿಸುವುದಿಲ್ಲ.

ಕಿರಣ: ನನಗೆ ನಿಜವಾಗಿಯೂ ಹೆಚ್ಚು ತಿರುಗಿತು. ಕಣ್ಣಾರೆ ಕಂಡಿದ್ದೇನೆ.

ನಾನು: ಹಳೆಯದರಲ್ಲಿ ಗುರಿ ತಪ್ಪುವ ಭಯಕ್ಕೆ ಅಂಚಿನ ಹತ್ತಿರ ಹೋಗುತ್ತಿರಲಿಲ್ಲ ನೀನು. ಈಗ ಹೋಗುತ್ತೀಯ. ಹೆಚ್ಚಿದ್ದು ಧೈರ್ಯ.

ಕಿರಣ: ಹೊಗಳಿದ್ದೋ ಬೈದದ್ದೋ?

ಚಿಕ್ಕಪ್ಪ: ಅದು ಆಮೇಲೆ. ಸುಮಾ, ನಿನ್ನ ಕ್ಯೂಗೂ ಇಂಥದ್ದೇ ಇದೆಯಲ್ಲವೇ? ನಿನಗೆ ಎಷ್ಟು ದಿನ ಬೇಕಾಯಿತು?

ನಾನು: ಮೊದಲ ವಾರ ಅಳುವುದೊಂದು ಬಾಕಿ. ಸುಲಭದ ಹೊಡೆತಗಳೇ ತಪ್ಪುತ್ತಿದ್ದವು, ಕಷ್ಟದವು ಬೀಳುತ್ತಿದ್ದವು, ಏಕೆಂದರೆ ಕಷ್ಟದವನ್ನು ಯೋಚಿಸಿ ಹೊಡೆಯುತ್ತಿದ್ದೆ. ನಡುವೆ ಎರಡು ಸಲ ಹಳೆಯ ಶಾಫ್ಟ್‌ಗೆ ಹಿಂತಿರುಗಿದೆ. ಅದು ದೊಡ್ಡ ತಪ್ಪು, ಎರಡೂ ಲೆಕ್ಕ ಕಲಸಿಹೋದವು. ಕೈ ಒಗ್ಗಲು ಸುಮಾರು ಎರಡು ತಿಂಗಳು ಹಿಡಿಯಿತು. ನೀವು ಸೈಡ್ ಹಾಕುವುದು ಹೇಗೆ? ಕ್ಯೂವನ್ನು ಪೂರ್ತಿ ಪಕ್ಕಕ್ಕೆ ಸರಿಸುತ್ತೀರೋ, ಹಿಂದಿನ ಕೈಯನ್ನು ಮಾತ್ರವೋ?

ಚಿಕ್ಕಪ್ಪ: ನಡುವಿಗೆ ಗುರಿ ಹಿಡಿಯುತ್ತೇನೆ. ಟೇಬಲ್ ಮೇಲೆ ಊರಿದ ಬ್ರಿಡ್ಜ್ ಕೈ ಅಲುಗಿಸದೆ ಹಿಂದಿನ ಕೈಯನ್ನು ಎಡಕ್ಕೆ ಜರುಗಿಸುತ್ತೇನೆ, ಟಿಪ್ ತಾನೇ ಬಲಕ್ಕೆ ಬರುತ್ತದೆ. ನನಗೆ ಕಲಿಸಿದವರು ಹಾಗೆಯೇ ಕಲಿಸಿದ್ದು.

ನಾನು: ಅಲ್ಲೇ ಇದೆ ಗುಟ್ಟು. ಆ ಉಪಾಯದಲ್ಲಿ ಕ್ಯೂ ಬಲಕ್ಕೆ ತಿರುಗುವುದೂ ಚೆಂಡು ಎಡಕ್ಕೆ ಸಿಡಿಯುವುದೂ ಒಂದಕ್ಕೊಂದು ವಜಾ ಆಗಬೇಕು. ಆಗುವುದು ಬ್ರಿಡ್ಜ್ ಕೈ ಚೆಂಡಿನಿಂದ ಒಂದು ನಿರ್ದಿಷ್ಟ ದೂರದಲ್ಲಿದ್ದಾಗ ಮಾತ್ರ. ಹಳೆಯ ಶಾಫ್ಟ್‌ಗೆ ಆ ದೂರ ನಿಮ್ಮ ಒಂದು ಗೇಣಿಗೆ ಸರಿಹೊಂದಿತ್ತು, ನಿಮ್ಮ ಅದೃಷ್ಟ. ಹೊಸದಕ್ಕೆ ಕೈಯನ್ನು ಇನ್ನೂ ಹಿಂದಕ್ಕೆ ಇಡಬೇಕು. ಬಿಳಿ ಚೆಂಡಿನ ಎದುರು ನೇರಕ್ಕೆ ಇನ್ನೊಂದು ಚೆಂಡಿಡಿ. ನಡುವಿಗೆ ಗುರಿ ಹಿಡಿದು, ಬಲಕ್ಕೆ ಹೊರಳಿಸಿ, ಜೋರಾಗಿ ಹೊಡೆಯಿರಿ. ಬಿಳಿ ಚೆಂಡು ಬಲಕ್ಕೆ ಹೋದರೆ ಕೈ ಇನ್ನೂ ಹಿಂದಕ್ಕೆ, ಎಡಕ್ಕೆ ಹೋದರೆ ಮುಂದಕ್ಕೆ.

ಕಿರಣ: ಚಿಕ್ಕಪ್ಪ, ಬೇಡ ಬಿಡಿ, ಸಂಜೆ ಬಂದು ಹಳೆಯದನ್ನು ಹಾಕಿಕೊಡುತ್ತೇನೆ.

ಚಿಕ್ಕಪ್ಪ: ನೀನು ಆ ಕ್ಯೂ ಮುಟ್ಟಬೇಡ.

ಸಂಜೆಯವರೆಗೆ ಗುಂಪು ತಣ್ಣಗಿತ್ತು. ಒಂದು ಮಾತನ್ನು ಗುಂಪಿನಲ್ಲಿ ಬರೆಯದೆ ಕಿರಣನಿಗೆ ಬೇರೆಯಾಗಿ ಬರೆದೆ: ಆಟ ಕಲಿತು ಎರಡು ವರ್ಷವಾದ ನಿನಗೆ ಈ ಶಾಫ್ಟ್ ಲಾಭ, ಮರೆಯಬೇಕಾದದ್ದು ಕಡಿಮೆ, ಅವರಿಗೆ ಅಗತ್ಯವೇ ಇಲ್ಲ, ಅವರ ಲೆಕ್ಕ ಹಳೆಯದರಲ್ಲೇ ಚೊಕ್ಕವಾಗಿದೆ. ಅದು ತಪ್ಪು ಅಂದಾಜಾಯಿತು.

ಚಿಕ್ಕಪ್ಪ: ಮೂರು ಗಂಟೆ ಹೊಡೆದೆ. ಒಂದು ಗೇಣಿನಲ್ಲಿ ಪ್ರತಿ ಸಲವೂ ಬಲಕ್ಕೆ. ಒಂದು ಗೇಣು ಎರಡು ಬೆರಳು, ಇನ್ನೂ ಬಲಕ್ಕೆ, ಆದರೆ ಕಡಿಮೆ. ಒಂದು ಗೇಣು ನಾಲ್ಕು ಬೆರಳಿಗೆ ಬಿಳಿ ಚೆಂಡು ಎದುರಿನದ್ದಕ್ಕೆ ನೇರ ಬಡಿದು, ಅಲ್ಲೇ ನಿಂತು ಗಿರಗಿರ ತಿರುಗಿತು. ಎಂಟನೆಯ ಚೆಂಡಿನ ಹೊಡೆತ ಹತ್ತಕ್ಕೆ ಆರು ಬಿತ್ತು.

ನಾನು: ಒಂದೇ ದಿನದಲ್ಲಿ ಆರೇ!

ಚಿಕ್ಕಪ್ಪ: ಆದರೆ ಮೆಲ್ಲಗೆ ಹೊಡೆದರೆ ಮತ್ತೆ ಬಲಕ್ಕೇ ಎಳೆಯುತ್ತದೆ. ಅದೇಕೆ?

ನಾನು: ಕುಶನ್ ಅಡ್ಡ ಬರುವುದರಿಂದ ಕ್ಯೂವಿನ ಹಿಂಭಾಗ ಯಾವಾಗಲೂ ತುಸು ಎತ್ತರದಲ್ಲಿರುತ್ತದೆ. ಆಗ ಸೈಡ್ ಇರುವ ಚೆಂಡು ಬಟ್ಟೆಯ ಮೇಲೆ ಉರುಳುತ್ತ ಸೈಡಿನ ಕಡೆಗೇ ಬಾಗುತ್ತದೆ. ನಿಧಾನದ ಹೊಡೆತದಲ್ಲಿ ಬಾಗಲು ಸಮಯ ಸಿಗುತ್ತದೆ. ಹಳೆಯ ಶಾಫ್ಟ್‌ನಲ್ಲಿ ಎಡಕ್ಕೆ ಸಿಡಿಯುವುದು ಇದನ್ನು ಮುಚ್ಚಿಹಾಕುತ್ತಿತ್ತು, ಈಗ ಬಯಲಾಗಿದೆ. ನಿಜ ಹೇಳಬೇಕೆಂದರೆ ನನಗೂ ಇದು ಇನ್ನೂ ಬಗೆಹರಿದಿಲ್ಲ. ದೂರಕ್ಕೆ ಮೆಲ್ಲಗೆ ಹೊಡೆಯುವಾಗ ಸೈಡ್ ಹಾಕುವುದನ್ನೇ ಬಿಟ್ಟಿದ್ದೇನೆ.

ಚಿಕ್ಕಪ್ಪ: ಹಾಗೆ ಬಿಟ್ಟರೆ ಹೇಗೆ? ನಾನು ನೋಡುತ್ತೇನೆ. ಶಾಫ್ಟ್ ಈ ತಿಂಗಳು ಇಲ್ಲೇ ಇರಲಿ.

ಕಿರಣ: ಚಿಕ್ಕಪ್ಪ, ಅದು ನನ್ನ ಶಾಫ್ಟ್.

ಚಿಕ್ಕಪ್ಪ: ಹಳೆಯದು ಬೀರುವಿನ ಮೇಲಿದೆ, ಬೇಕಾದರೆ ಅದರಲ್ಲಿ ಆಡು. ಮೊಸ್ಕೋನಿಗೆ ಸಾಕಾಗಿತ್ತು.

ಕಿರಣ: ಅಕ್ಕ, ನೀನಾದರೂ ಹೇಳು.

ನಾನು: ಹೇಳದೆ ಬದಲಿಸಿದವನು ನೀನು.

ಚಿಕ್ಕಪ್ಪ: ಆಂ, ಇನ್ನೊಂದು. ಮಂಗಳವಾರದ ಕಣ್ಣಿನ ಸಮಯ ರದ್ದು ಮಾಡಿಬಿಡು.

ಚಿಕ್ಕಮ್ಮ: ಮಾಡುವುದಿಲ್ಲ. ಗಿಡ್ಡ ಫೆರೂಲ್ ನೋಡಿ ಸವೆದಿದೆ ಎಂದುಕೊಂಡವರು ನೀವು. ಹತ್ತೂವರೆಗೆ ಸಿದ್ಧವಾಗಿರಿ.