ತೂಗುಸೇತುವೆ: ಬಾಗಿದ ಹೋಸ್ ಮೇಲೆ ಹ್ಯಾಂಗರ್‌ಗಳು ಸರಿಯಾದ ಜಾಗದಲ್ಲಿ ಕೂರುತ್ತಿಲ್ಲ

ಹೊಳೆಬದಿ
ಮಾರಾಯ್ರೇ, ಯಾರಾದರೂ ಒಂದು ದಾರಿ ತೋರಿಸಿ. ಕಂಪ್ಯೂಟರ್‌ನಲ್ಲಿ ಲೆಗೋ ಇಟ್ಟಿಗೆಗಳ ತೂಗುಸೇತುವೆ ಮಾಡುತ್ತಿದ್ದೇನೆ, ಮೂರು ರಾತ್ರಿ ಇದರಲ್ಲೇ ಹೋಯಿತು. ಮೇಲಿನ ಹಗ್ಗದ ಜಾಗಕ್ಕೆ ಹಾಕಿದ ಹೋಸ್ (ಪ್ಲಾಸ್ಟಿಕ್ ಕೊಳವೆ) ಬಾಗಿಸಿದ್ದು ಚಂದ ಬಂತು. ಅದಕ್ಕೆ ಹ್ಯಾಂಗರ್ (ಹಲಗೆಯನ್ನು ತೂಗಿ ಹಿಡಿಯುವ ಕಡ್ಡಿ) ಹಾಕಿದರೆ ಕೆಳಗಿನ ಹಲಗೆಯ ಸ್ಟಡ್‌ಗೆ, ಅಂದರೆ ಇಟ್ಟಿಗೆ ಮೇಲಿನ ಗುಬುಟಿಗೆ, ಹೊಂದುವುದೇ ಇಲ್ಲ. ಒಂದೊಂದನ್ನೂ ಕೈಯಲ್ಲಿ ಸರಿಸಿ ಕೂರಿಸಿದೆ. ಆಮೇಲೆ ಹೋಸ್‌ನ ಬಾಗು ನಿರ್ಧರಿಸುವ ಒಂದೇ ಒಂದು ಬಿಂದು ಅಲುಗಾಡಿಸಿದ್ದು, ಸರಿ ಮಾಡಿದ್ದೆಲ್ಲ ಹೋಗಿ ಮೊದಲಿನ ಹಾಗೇ ಆಯಿತು. ಏನು ತಪ್ಪು ಮಾಡುತ್ತಿದ್ದೇನೆ?

ತಿರುಪು_72
ಹೋಸ್ ತಿರುಚಿಕೊಂಡಿದೆ, ಬೇರೇನೂ ಅಲ್ಲ. ಎರಡು ತುದಿಯ ಬಿಂದುಗಳ ಕೋನ ಹೊಂದದಿದ್ದರೆ ನಡುವಿನ ತುಂಡುಗಳೆಲ್ಲ ಸ್ಕ್ರೂ ಥರ ಸುತ್ತಿಕೊಂಡು ಹೋಗ್ತವೆ. ಆನೆ ಸೊಂಡಿಲಿಗೆ 1×1 ರೌಂಡ್ ಬ್ರಿಕ್ ಪೋಣಿಸುವಾಗ ನನಗೂ ಇದೇ ಆಗಿತ್ತು. ಎರಡೂ ತುದಿಯ ತಿರುಗು ಸೊನ್ನೆ ಮಾಡಿ ನೋಡಿ.

ಹೊಳೆಬದಿ
ಮಾಡಿದೆ. ಏನೂ ಬದಲಾಗಲಿಲ್ಲ.

ತಿರುಪು_72
ಹಾಗಾದರೆ ನಡುವಿನ ಬಿಂದುಗಳಲ್ಲಿ ಎಲ್ಲೋ ತಿರುಗು ಉಳಿದಿದೆ. ಒಂದೊಂದಾಗಿ ನೋಡಿ.

ಇಟ್ಟಿಗೆಗೂಡು
ಯಾವ ಸಾಫ್ಟ್‌ವೇರ್ ಅಂತ ಅವರೂ ಹೇಳಿಲ್ಲ, ನೀವೂ ಕೇಳಿಲ್ಲ! ನಾನಂತೂ ಬಾಗಿದ್ದೆಲ್ಲ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲೇ ಮಾಡೋದು. ಬೆಜಿಯರ್ ವಕ್ರ, ಅಂದ್ರೆ ತುದಿಯ ಹಿಡಿಕೆ ಹಿಡಿದು ಬಾಗಿಸೋ ಗೆರೆ, ಎಳೆದು ಅದರ ಮೇಲೆ ತುಂಡುಗಳನ್ನು ಹರಡಿಸಿಬಿಟ್ಟರೆ ಮುಗೀತು. ಹೋದ ತಿಂಗಳು 64 ಜಿಬಿ ರ್ಯಾಮ್ ಹಾಕಿಸಿದೆ, ಈಗ ಇಡೀ ರೈಲ್ವೆ ಯಾರ್ಡ್ ಒಂದೇ ಸೀನ್‌ನಲ್ಲಿ ತೆರೆದುಕೊಳ್ಳುತ್ತೆ, ದೀಪದ ನೆರಳು ಸಮೇತ. ರೆಂಡರ್ ಬೇಕಾದರೆ ಹಾಕ್ತೀನಿ.

ತಿರುಪು_72
ಕರ್ವ್ ಮಾಡಿಫೈಯರ್ ಹಾಕಿದರೆ ಬ್ರಿಕ್ಕೇ ಬಾಗಿಬಿಡುತ್ತೆ ಗುರು. ಬಾಗಿದ ಬ್ರಿಕ್ ಎಲ್ಲಿ ಸಿಗುತ್ತೆ ಅಂಗಡಿಯಲ್ಲಿ?

ಇಟ್ಟಿಗೆಗೂಡು
ಜಿಯಾಮೆಟ್ರಿ ನೋಡ್ಸ್‌ನಲ್ಲಿ ಇನ್‌ಸ್ಟನ್ಸ್ ಮಾಡಿದರೆ, ಅಂದ್ರೆ ಬ್ರಿಕ್ಕಿನ ನಕಲುಗಳನ್ನು ವಕ್ರದ ಮೇಲೆ ಇಟ್ಟರೆ, ಬಾಗಲ್ಲ. ನೋಡಿ ಕಲೀರಿ.

ಹೊಳೆಬದಿ
ಕ್ಷಮಿಸಿ, ಹೇಳಲು ಮರೆತೆ. ಎಲ್‌ಡಿಕ್ಯಾಡ್, ಲೆಗೋ ಮಾಡೆಲ್ ಮಾಡುವ ಸಾಫ್ಟ್‌ವೇರ್. ನಮ್ಮೂರ ಹೊಳೆಯ ತೂಗುಸೇತುವೆ ಮಾಡುತ್ತಿದ್ದೇನೆ. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ಸೇತುವೆ ಕಟ್ಟಿದರಲ್ಲ, ಆ ಜಾತಿಯದು. ಗೋಪುರದಿಂದ ಗೋಪುರಕ್ಕೆ 60 ಸ್ಟಡ್, ಹೋಸ್‌ನ ಇಳಿತ 6 ಸ್ಟಡ್‌ನಷ್ಟು, ಎರಡು ಸ್ಟಡ್‌ಗೆ ಒಂದು ಹ್ಯಾಂಗರ್. ಅದೇ ಹೋಸ್‌ಗೆ ಒಂದು ಸ್ಕಿನ್ (ಹೋಸ್ ಉದ್ದಕ್ಕೂ ತುಂಡುಗಳನ್ನು ತಾನೇ ಜೋಡಿಸುವ ವ್ಯವಸ್ಥೆ) ಮಾಡಿ 31 ಹ್ಯಾಂಗರ್‌ಗಳನ್ನು ಸಮನಾಗಿ ಹಂಚಿದ್ದೇನೆ.

ವಿಚಿತ್ರ ಏನೆಂದರೆ, ಸರೀ ಮಧ್ಯದ್ದು ಸ್ಟಡ್ ಮೇಲೆ ಕೂತಿದೆ, ಗೋಪುರದ ಹತ್ತಿರದ್ದೂ ಕೂತಿದೆ. ಮಧ್ಯದಿಂದ ಎಂಟನೆಯದು ಎಲ್ಲಕ್ಕಿಂತ ಹೆಚ್ಚು, ಗೋಪುರದ ಕಡೆಗೆ ಸ್ಟಡ್‌ನ ಮೂರನೇ ಒಂದು ಭಾಗದಷ್ಟು ಸರಿದು ನಿಂತಿದೆ. ಎಡಕ್ಕೂ ಬಲಕ್ಕೂ ಅದೇ ಎಂಟನೆಯದು. ಮೇಲಾಗಿ ಗೋಪುರದ ಹತ್ತಿರದವು ವಾಲಿಕೊಂಡಿವೆ, ನೇರ ತೂಗುತ್ತಿಲ್ಲ.

ತಿರುಪು_72
ವಾಲಿದೆ ಅಂದಿರಲ್ಲ. ತಿರುಚು ಅಂತ ಮೊದಲೇ ಹೇಳಿದೆ.

ಹುಬ್ಬಳ್ಳ್ಯಾಂವ
ತಿರುಚು ಅಲ್ರಿ ಅದು. ನಿಮ್ಮ ವಕ್ರನ ತಪ್ಪು ಅದ. ತೂಗೋ ಹಗ್ಗ ಕೆಟನರಿ ಆಗಬೇಕು, ನೀವು ಕಣ್ಣಳತೀಲೆ ಎಳದೀರಿ. ಬೆಜಿಯರ್‌ನಾಗ ಕೆಟನರಿ ಬರಂಗಿಲ್ಲ.

ತಿರುಪು_72
ತೂಗುಸೇತುವೆಗೆ ಕೆಟನರಿ ಅಲ್ಲ. ಹಗ್ಗ ತನ್ನ ಭಾರಕ್ಕೆ ಮಾತ್ರ ಜೋತರೆ ಕೆಟನರಿ. ಕೆಳಗೆ ಸಮವಾಗಿ ಹಲಗೆ ಭಾರ ಬಿದ್ದರೆ ಪ್ಯಾರಾಬೋಲಾ. ಇದು ಇಂಜಿನಿಯರಿಂಗ್ ಎರಡನೇ ವರ್ಷದ ಪಾಠ.

ಹುಬ್ಬಳ್ಳ್ಯಾಂವ
ಹಗ್ಗಕ್ಕ ತನ್ನ ಭಾರ ಇಲ್ಲೇನ್ರಿ? ಎರಡೂ ಸೇರಿದ್ರ ಎರಡರ ನಡುವಿನದು ಆಗತದ.

ಅಳತೆಗೋಲು
ಇಬ್ಬರೂ ಸ್ವಲ್ಪ ನಿಲ್ಲಿ. 60 ಸ್ಟಡ್ ಅಂದರೆ 1200 ಎಲ್‌ಡಿಯು (ಈ ಸಾಫ್ಟ್‌ವೇರ್‌ನ ಅಳತೆ, ಒಂದು ಸ್ಟಡ್‌ಗೆ 20), ಇಳಿತ 120. ಮಧ್ಯದಿಂದ 300 ದೂರದಲ್ಲಿ ಪ್ಯಾರಾಬೋಲಾ 30 ಏರಿರುತ್ತದೆ, ಅದೇ ಇಳಿತದ ಕೆಟನರಿ 29.7. ವ್ಯತ್ಯಾಸ 0.3 ಎಲ್‌ಡಿಯು, ಅಂದರೆ 0.12 ಮಿಲಿಮೀಟರ್. ಹೊಳೆಬದಿಯವರ ಹ್ಯಾಂಗರ್ ಸರಿದಿರುವುದು 6ರ ಆಸುಪಾಸು. ವಕ್ರದ ಹೆಸರು ಯಾವುದಾದರೂ ಈ ತಪ್ಪು ಹಾಗೇ ಉಳಿಯುತ್ತದೆ.

ಹೊಳೆಬದಿ, "ಸಮನಾಗಿ ಹಂಚಿದ್ದೇನೆ" ಅಂದಿರಿ. ಎಲ್ಲಿ ಸಮ? ಸ್ಕಿನ್ ಹಂಚುವುದು ಹೋಸ್‌ನ ಉದ್ದದ ಮೇಲೆ. ಆ ಹೋಸ್ ಅಳೆದರೆ ಸುಮಾರು 1231 ಎಲ್‌ಡಿಯು ಇದೆ. 30 ಭಾಗ ಮಾಡಿದರೆ ಒಂದೊಂದೂ 41 ಚಿಲ್ಲರೆ. ನಿಮ್ಮ ಹಲಗೆಗೆ ಬೇಕಾದ್ದು ಅಡ್ಡಕ್ಕೆ 40. ಮಧ್ಯದಲ್ಲಿ ಹೋಸ್ ಮಲಗಿಕೊಂಡಿರುವುದರಿಂದ 41 ಪೂರ್ತಿ ಅಡ್ಡಕ್ಕೇ ಹೋಗುತ್ತದೆ, ಪ್ರತಿ ಹೆಜ್ಜೆಗೂ ಒಂದೊಂದು ಹೆಚ್ಚಾಗುತ್ತ ಬರುತ್ತದೆ. ಗೋಪುರದ ಹತ್ತಿರ ಹೋಸ್ ಸುಮಾರು 22 ಡಿಗ್ರಿ ಏರುತ್ತದೆ, ಅಲ್ಲಿ ಅದೇ 41 ಅಡ್ಡಕ್ಕೆ 38 ಮಾತ್ರ. ಹಾಗಾಗಿ ಕೂಡಿದ್ದೆಲ್ಲ ಕೊನೆಗೆ ಕಳೆದುಹೋಗಿ ತುದಿಯಲ್ಲಿ ಸರಿ ಕಾಣುತ್ತದೆ. ತಪ್ಪು ಅತಿ ಹೆಚ್ಚು ನಿಲ್ಲುವುದು ಎಂಟನೆಯದರ ಬಳಿ, 5.75 ಎಲ್‌ಡಿಯು. ನೀವು ಕಣ್ಣಲ್ಲಿ ಕಂಡದ್ದು ಅದನ್ನೇ.

ವಾಲುವುದಕ್ಕೂ ಇದೇ ಕಾರಣ. ಸ್ಕಿನ್‌ನ ತುಂಡುಗಳು ಹೋಸ್‌ಗೆ ಲಂಬವಾಗಿ ನಿಲ್ಲುತ್ತವೆ, ನೆಲಕ್ಕಲ್ಲ. ಸೊಂಡಿಲಿಗೆ ಅದೇ ಬೇಕು, ಸೇತುವೆಗೆ ಬೇಡ.

ತಿರುಪು_72
ಆದರೂ ತಿರುಗು ಒಮ್ಮೆ ನೋಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಹೊಳೆಬದಿ
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಹಾಗಾದರೆ ನಾನು ಕೈಯಲ್ಲಿ ಸರಿ ಮಾಡಿದ್ದು ಯಾಕೆ ಉಳಿಯುವುದಿಲ್ಲ?

ಹಳೇಪೆಟ್ಟಿಗೆ
ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮೇಲೆ ಪಾತ್ ಪಾಯಿಂಟ್ (ಹೋಸ್‌ನ ಬಿಂದುಗಳ) ಸಾಲುಗಳು, ಅದರ ಕೆಳಗೆ "ಜನರೇಟೆಡ್" ಅಂತ ಒಂದು ಸಾಲು. ಆ ಸಾಲಿನ ಕೆಳಗಿರುವುದೆಲ್ಲ ಸಾಫ್ಟ್‌ವೇರ್ ತಾನೇ ಬರೆದದ್ದು. ಬಿಂದು ಮುಟ್ಟಿದ ಕೂಡಲೇ ಅಳಿಸಿ ಹೊಸದಾಗಿ ಬರೆಯುತ್ತದೆ. ಹೋಸ್ ಬಾಗಿಸುವ ಹಳೆಯ ಸಾಫ್ಟ್‌ವೇರ್ ಎಲ್‌ಸಿಂತ್ ಕಾಲದಲ್ಲೂ ಹೀಗೇ ಇತ್ತು, "ಸಿಂತ್ ಬಿಗಿನ್" ಮತ್ತು "ಎಂಡ್" ನಡುವೆ ಹುಟ್ಟಿದ್ದನ್ನು ನಾವು ಮುಟ್ಟುತ್ತಿರಲಿಲ್ಲ. ಕೈಕೆಲಸ ಉಳಿಯಬೇಕಾದರೆ ಬೇರೆ ಸಬ್‌ಮಾಡೆಲ್‌ನಲ್ಲಿ (ಫೈಲ್‌ನೊಳಗಿನ ಉಪಮಾದರಿಯಲ್ಲಿ) ಇಡಿ.

ಎಲ್‌ಡಿಕ್ಯಾಡ್ ಬಳಸುವ ಎಲ್‌ಡ್ರಾ ಫೈಲ್ ಬರೀ ಪಠ್ಯ ಅನ್ನೋದನ್ನು ಹೊಸಬರು ಮರೆಯುತ್ತಾರೆ. ಎಲ್‌ಡ್ರಾ ಹುಟ್ಟುಹಾಕಿದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಕೊಟ್ಟುಹೋದ ಈ ಸಾಲಿನ ರೂಪ ಇವತ್ತಿಗೂ ನಡೆಯುತ್ತಿದೆ, ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ.

ಅಳತೆಗೋಲು
ಹೌದು, ಸಾಲುಗಳನ್ನೇ ಬರೆದುಬಿಡಿ. ಸ್ಕಿನ್‌ನಿಂದ ಹ್ಯಾಂಗರ್ ತೆಗೆಯಿರಿ, ಹೋಸ್ ಮಾತ್ರ ಇರಲಿ. ಎಕ್ಸೆಲ್‌ನಲ್ಲಿ ಒಂದು ಕಾಲಮ್‌ಗೆ −15ರಿಂದ 15ರವರೆಗೆ ಹ್ಯಾಂಗರ್ ಸಂಖ್ಯೆ. ಅಡ್ಡ ಸ್ಥಾನ ಅಂದರೆ ಸಂಖ್ಯೆ ಗುಣಿಸು 40. ಎತ್ತರ ಅಂದರೆ ಸಂಖ್ಯೆಯ ವರ್ಗ ಗುಣಿಸು 8 ಭಾಗಿಸು 15. ಐದನೆಯದಕ್ಕೆ 13.3, ಹತ್ತನೆಯದಕ್ಕೆ 53.3, ಹದಿನೈದನೆಯದಕ್ಕೆ 120 ಬರಬೇಕು. ಎಲ್‌ಡ್ರಾದಲ್ಲಿ ಮೇಲಕ್ಕೆ ಹೋಗುವುದು ಮೈನಸ್, ಆದ್ದರಿಂದ ಈ ಎತ್ತರವನ್ನು ಕಳೆಯಬೇಕು, ಕೂಡಿದರೆ ಸೇತುವೆ ತಲೆಕೆಳಗಾಗುತ್ತದೆ. ಹತ್ತನೆಯದರ ಸಾಲು ಹೀಗೆ ಶುರುವಾಗುತ್ತದೆ:

1 72 400 -53.3 0 1 0 0 0 1 0 0 0 1

ಕೊನೆಗೆ ತುಂಡಿನ ಫೈಲ್ ಹೆಸರು. 72 ಗಾಢ ಬೂದು ಬಣ್ಣ, ನಂತರದ ಮೂರು ತುಂಡಿನ ಸ್ಥಾನ. ಕೊನೆಯ ಒಂಬತ್ತು ಅಂಕಿ ಅದರ ದಿಕ್ಕು, ಹಾಗೇ ಇದ್ದರೆ ತುಂಡು ವಾಲುವುದಿಲ್ಲ.

ಹೋಸ್ ಕೂಡ ಇದೇ ವಕ್ರದಲ್ಲಿ ಇರಬೇಕು. ಎರಡು ತುದಿಯ ಹಿಡಿಕೆಗಳನ್ನು ಒಳಕ್ಕೆ 400, ಕೆಳಕ್ಕೆ 160 ಇಟ್ಟರೆ ಕ್ಯೂಬಿಕ್ ಬೆಜಿಯರ್ ಕರಾರುವಾಕ್ಕಾಗಿ ಈ ಪ್ಯಾರಾಬೋಲಾನೇ ಕೊಡುತ್ತದೆ.

ಇಟ್ಟಿಗೆಗೂಡು
ಈ ಹಿಡಿಕೆ ಲೆಕ್ಕ ಬ್ಲೆಂಡರ್‌ನಲ್ಲೂ ನಡೆಯುತ್ತೆ, ಈಗಷ್ಟೇ ಮಾಡಿ ನೋಡಿದೆ. ಯಾರ್ಡ್‌ನ ರೆಂಡರ್ ಹಾಕಿದೀನಿ, ಎರಡನೇ ಲೈನ್‌ನ ಬ್ರೇಕ್ ಹೋಸ್‌ಗಳನ್ನು ಜೂಮ್ ಮಾಡಿ ನೋಡಿ.

ಹೊಳೆಬದಿ
ಕೂತಿತು! ಎಂಟನೆಯದು 320ರಲ್ಲಿ, ಸ್ಟಡ್‌ನ ಸರೀ ನಡುವೆ. ಎಲ್ಲಾ 31 ನೇರ ತೂಗುತ್ತಿವೆ. ಬದಿಯಿಂದ ನೋಡಿದರೆ ನಮ್ಮೂರ ಸೇತುವೆಯೇ. ಅಳತೆಗೋಲು, ಹಳೇಪೆಟ್ಟಿಗೆ, ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಈಗ ನಿಜವಾದ ಇಟ್ಟಿಗೆಯಲ್ಲಿ ಕಟ್ಟಬೇಕು. 1231 ಎಲ್‌ಡಿಯು ಅಂದರೆ 492 ಮಿಲಿಮೀಟರ್ ಹೋಸ್. ಮೇಜಿನ ಮೇಲಿದ್ದ ಒಂದು ತುಂಡಿಗೆ ಕ್ಲಿಪ್ ಸಿಕ್ಕಿಸಿ ನೋಡಿದೆ. ಹೋಸ್ ಓರೆಯಾದಲ್ಲಿ ಕ್ಲಿಪ್‌ನ ಕಡ್ಡಿಯೂ ಓರೆಯಾಗುತ್ತದೆ, ಎಷ್ಟು ತಿರುಗಿಸಿದರೂ ಕೆಳಮುಖ ಆಗುವುದಿಲ್ಲ.

ಹುಬ್ಬಳ್ಳ್ಯಾಂವ
ಕ್ಲಿಪ್ಪು ಹೋಸಿನ ಸುತ್ತ ಅಷ್ಟ ತಿರಗತದ, ಮುಂದ ಹಿಂದ ಅಲ್ಲ. ಇನ್ನೊಂದು ಕೀಲು ಬೇಕು. ಎರಡು ತುದಿಗೆ 90 ಡಿಗ್ರಿ ಬ್ಯಾರೆ ಬ್ಯಾರೆ ಕ್ಲಿಪ್ ಇರೋ ರೋಬೋ ಕೈ ಬರತದಲ್ಲ, ಅದರ ಕೆಳಗಿನ ಕ್ಲಿಪ್ಪಿನಾಗ ಸೇತುವಿ ಅಗಲಕ್ಕ ಒಂದು ಅಡ್ಡ ಕಡ್ಡಿ ಹಾಕ್ರಿ, ಆ ಕಡ್ಡಿಗೆ ಹ್ಯಾಂಗರ್ ತೂಗಬಿಡ್ರಿ. ಇಲ್ಲಾಂದ್ರ ಕಪ್ಪು ದಾರ ಕಟ್ರಿ. ಇನ್ನೊಂದು ಮಾತು, ಪ್ಲಾಸ್ಟಿಕ್ ಹೋಸು ಬಿಗಿ ಇರತದ, ತಾನಾಗೇ ಪ್ಯಾರಾಬೋಲಾ ಆಗಂಗಿಲ್ಲ. ಹ್ಯಾಂಗರೇ ಅದನ್ನ ಎಳೆದು ಹಿಡೀಬೇಕು.

ತಿರುಪು_72
ದಾರ ಕಟ್ಟೋದಾದರೆ ಅದು ಇಟ್ಟಿಗೆ ಮಾಡೆಲ್ ಹೇಗಾಗುತ್ತೆ?

ಹಳೇಪೆಟ್ಟಿಗೆ
ಸೆಟ್‌ಗಳಲ್ಲೇ ದಾರ ಬರುತ್ತದೆ ಸ್ವಾಮಿ, ಹಡಗುಗಳಲ್ಲಿ, ಕ್ರೇನ್‌ಗಳಲ್ಲಿ. ಇದಕ್ಕೆ ಬೇರೆ ಚರ್ಚೆ ಶುರುಮಾಡಿ, ಇಲ್ಲಿ ಬೇಡ.

ಹೊಳೆಬದಿ
ರೋಬೋ ಕೈ ಹಾಕಿದರೆ, ಅದೇ ಓರೆಯಾಗಿ ನಿಲ್ಲುವುದರಿಂದ ಅಡ್ಡ ಕಡ್ಡಿಯ ಜಾಗ ಸ್ಟಡ್‌ನಿಂದ ಮತ್ತೆ ಆಚೀಚೆ ಹೋಗುತ್ತದಲ್ಲ? ಹಾಗಾದರೆ ಹೋಸ್ ಮೇಲೆ ಕ್ಲಿಪ್ ಹಿಡಿಯುವ ಜಾಗವನ್ನೇ ಅಷ್ಟು ಹಿಂದೆ ಸರಿಸಬೇಕೇ? ಅಳತೆಗೋಲು, ಬಿಡುವಾದಾಗ ಇದನ್ನೊಂದು ನೋಡಿ.