50 ಸಾವಿರಕ್ಕೆ ಮೊದಲ ಗೇಮಿಂಗ್ ಪಿಸಿ: ಕಟ್ಟಿಸಿದವರು ಅನುಭವ ಹೇಳ್ತೀರಾ?

ಬದಿಯಡ್ಕದ ಹುಡುಗ
ಎಲ್ಲರಿಗೂ ನಮಸ್ಕಾರ. ಡಿಗ್ರಿ ಎರಡನೇ ವರ್ಷ. ಮೊದಲ ಸಲ ಪಿಸಿ ಕಟ್ಟಿಸುತ್ತಿದ್ದೇನೆ. ಅಡಿಕೆ ದುಡ್ಡಿನಲ್ಲಿ 50 ಸಾವಿರ ಕೊಡುತ್ತೇನೆ, ಅದರ ಮೇಲೆ ಒಂದು ರೂಪಾಯಿ ಕೇಳಬೇಡ ಅಂತ ಅಪ್ಪ ಹೇಳಿದ್ದಾರೆ. ಮಾನಿಟರ್ ಸೇರಿ. ಆಡುವುದು ವ್ಯಾಲರಂಟ್, ಜಿಟಿಎ 5. ಮಂಗಳೂರಿನ ಅಂಗಡಿಯವರು ಎರಡು ದಾರಿ ಹೇಳಿದರು. ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಪ್ರೊಸೆಸರ್ ಹಾಕಿ ಗ್ರಾಫಿಕ್ಸ್ ಕಾರ್ಡ್ ಆಮೇಲೆ ನೋಡುವುದು, ಇಲ್ಲವಾದರೆ ಗ್ರಾಫಿಕ್ಸ್ ಇಲ್ಲದ ಐ3 12100ಎಫ್ ಜೊತೆ ಈಗಲೇ ಒಂದು ಸಣ್ಣ ಕಾರ್ಡ್. ನಮ್ಮಲ್ಲಿ ಸಂಜೆ ಏಳರ ನಂತರ ವೋಲ್ಟೇಜ್ ಕಮ್ಮಿ. ಯುಪಿಎಸ್ ಕೂಡ ಈ 50ರ ಒಳಗೇ ಬರಬೇಕಾ?

ಉಪ್ಪಳ ಗೇಮರ್
ಕಣ್ಣು ಮುಚ್ಚಿ 5600ಜಿ ತಗೊಳ್ಳಿ. ನಾನು 2023ರಲ್ಲಿ ಕಟ್ಟಿಸಿದ್ದು. ಚೀಟಿ ಈಗಲೂ ಕ್ಯಾಬಿನೆಟ್ ಒಳಗೆ ಅಂಟಿಸಿ ಇಟ್ಟಿದ್ದೇನೆ. ಪ್ರೊಸೆಸರ್ 11,600, ಬಿ450 ಮದರ್‌ಬೋರ್ಡ್ 6,300, 16 ಜಿಬಿ ರ‍್ಯಾಮ್ 3,500, 500 ಜಿಬಿ ಎನ್‌ವಿಎಂಇ ಡ್ರೈವ್ 2,900, ಎಸ್‌ಎಂಪಿಎಸ್ (ಕರೆಂಟು ಕೊಡುವ ಡಬ್ಬ) 3,100, ಕ್ಯಾಬಿನೆಟ್ 2,450. ಒಟ್ಟು 29,850. ಮೂವತ್ತು ಸಾವಿರ ಕೊಟ್ಟೆ. ಉಳಿದ ನೂರೈವತ್ತರ ಬದಲು ಒಂದು ಮೌಸ್‌ಪ್ಯಾಡ್ ಕೈಗಿಟ್ಟರು. ಅದರ ಅಂಚು ಎರಡೇ ತಿಂಗಳಲ್ಲಿ ಎದ್ದು ಬಂತು.

ಮೋಸ ಹೋದದ್ದು ರ‍್ಯಾಮ್‌ನಲ್ಲಿ. ಚೀಟಿಯಲ್ಲಿ 16 ಜಿಬಿ ಅಂತ ಇತ್ತು, ಎಂಟರ ಎರಡು ಸ್ಟಿಕ್ ಅಂದುಕೊಂಡೆ. ಹಾಕಿದ್ದು 16ರ ಒಂದೇ ಸ್ಟಿಕ್. ಈ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಎಳೆದುಕೊಳ್ಳಬೇಕು. ಒಂದೇ ಸ್ಟಿಕ್ ಇದ್ದರೆ ದಾರಿ ಅರ್ಧ. ವ್ಯಾಲರಂಟ್‌ನಲ್ಲಿ ಸೆಕೆಂಡಿಗೆ 70 ಫ್ರೇಮ್, ಹೊಗೆ ಬಾಂಬ್ ಬಿದ್ದರೆ 40. ಬದಲಾಯಿಸಲು ತಲಪಾಡಿ ಗಡಿ ದಾಟಿ ಮೂರು ಸಲ ಮಂಗಳೂರಿಗೆ ಹೋದೆ. ಮೊದಲ ಸಲ ಓನರ್ ಇಲ್ಲ, ಎರಡನೇ ಸಲ ಸ್ಟಾಕ್ ಇಲ್ಲ. ಮೂರನೇ ಸಲ ಎಂಟರ ಎರಡು ಸಿಕ್ಕಿತು. ಅದೇ ಗೇಮ್, ಅದೇ ಸೆಟ್ಟಿಂಗ್, 120 ದಾಟಿತು. ಇವತ್ತಿಗೂ ಕಾರ್ಡ್ ಹಾಕಿಲ್ಲ, ಬೇಕು ಅಂತ ಅನಿಸಿಯೂ ಇಲ್ಲ.

ಹೊಸೂರು ಗಡಿ
ಕಾರ್ಡ್ ಇಲ್ಲದ ಗೇಮಿಂಗ್ ಪಿಸಿ ಅಂದರೆ ಗೇರ್ ಇಲ್ಲದ ಸೈಕಲ್ಲಿನಲ್ಲಿ ಘಾಟಿ ಹತ್ತಿದ ಹಾಗೆ. ಗುರು, ಜಿ ಇಲ್ಲದ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), 5600ಜಿಯಲ್ಲಿ 16. ಅದರ ಮೇಲೆ ಕಾರ್ಡಿಗೆ ಹೋಗುವ ದಾರಿಯೂ ಹಳೆಯದು, ಪಿಸಿಐಇ 3.0. ನಾಳೆ ಒಳ್ಳೆಯ ಕಾರ್ಡ್ ಹಾಕಿದರೂ ಆ ಕೊರತೆ ಹೋಗಲ್ಲ.

ನನ್ನ ಕತೆ ಕೇಳಿ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್. ಬಸ್ಸು ಹತ್ತಿ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್, 8 ಜಿಬಿ ತಂದೆ. 6,500 ಹೇಳಿದ, 5,800ಕ್ಕೆ ಇಳಿಸಿದೆ. ಗೆದ್ದೆ ಅಂತ ದಾರಿಯಲ್ಲಿ ಬಿರಿಯಾನಿ ಬೇರೆ ತಿಂದೆ. ಮನೆಗೆ ಬಂದು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಓಪನ್ ಮಾಡಿದರೆ 2304 ಶೇಡರ್ (ಚಿತ್ರ ಬಿಡಿಸುವ ಘಟಕ) ಇರಬೇಕಾದ ಜಾಗದಲ್ಲಿ 2048! ಹೆಸರು ಅದೇ, ಒಳಗಿನ ಮಾಲು ಬೇರೆ. ಬಿಚ್ಚಿ ನೋಡಿದರೆ ಚಿಪ್ಪಿನ ಬಿಸಿ ಎಳೆಯುವ ಥರ್ಮಲ್ ಪೇಸ್ಟ್ ಸುಣ್ಣದ ಪುಡಿ ಆಗಿತ್ತು. ಫ್ಯಾನಿನ ರೆಕ್ಕೆಯಲ್ಲಿ ಎಣ್ಣೆ ಜಿಡ್ಡು. ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದ ಕಾರ್ಡ್. ನಾಲ್ಕು ತಿಂಗಳಿಗೆ ಪರದೆ ಕಪ್ಪು. ಅಂಗಡಿಗೆ ಹೋದರೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು.

ಆಮೇಲೆ ದುಡ್ಡು ಕೂಡಿಟ್ಟು ಹೊಸ ಆರ್‌ಎಕ್ಸ್ 6600 ತಂದೆ. ಈಗ ಆರಾಮ. ನೀವೂ ಒಂದು ಸಲ ಬೆಂಗಳೂರಿಗೆ ಬಂದು ನಾಲ್ಕು ಅಂಗಡಿ ತಿರುಗಿ, ರೇಟು ಗೊತ್ತಾಗುತ್ತದೆ.

ಉಪ್ಪಳ ಗೇಮರ್
ಮಾರಾಯ್ರೆ, ಬದಿಯಡ್ಕದಿಂದ ಬೆಂಗಳೂರು ನಿಮ್ಮ ಹೊಸೂರು ಬಸ್ಸಿನ ಹಾಗೆ ಉಂಟು ಅಂದುಕೊಂಡಿರಾ? ಒಂದು ರಾತ್ರಿಯ ಪ್ರಯಾಣ. ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. ಮೊದಲು 5,800 ನೀರಿಗೆ ಹಾಕಿ, ಮೇಲಿಂದ ಹೊಸ ಕಾರ್ಡ್ ತಂದವರು ಬಜೆಟ್ ಪಾಠ ಮಾಡುವುದು ಚೆಂದ.

ಹೊಸೂರು ಗಡಿ
ಮೋಸ ಹೋದೆ ಅಂತ ಒಪ್ಪಿಕೊಂಡೆ ಅಲ್ವಾ? ನೀವು ಮೌಸ್‌ಪ್ಯಾಡಿಗೆ ನೂರೈವತ್ತು ಕೊಟ್ಟದ್ದನ್ನೂ ಹೆಮ್ಮೆಯಿಂದ ಹೇಳ್ತೀರಿ. ಅದೂ 2023ರ ರೇಟು. ಈಗ 3,500ಕ್ಕೆ ಎಂಟರ ಎರಡು ಸ್ಟಿಕ್ ಕೊಡಿಸಿ ನೋಡೋಣ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು 2025ರ ಕೊನೆಯಿಂದ ರ‍್ಯಾಮ್ ರೇಟು ಎಲ್ಲಿಗೋ ಹೋಗಿದೆ. ಆ ಚೀಟಿ ಹರಿದು ಹಾಕಿ.

ಜತ್ ಮಾಸ್ತರ
ಇಬ್ಬರೂ ಜಗಳ ಬಿಡ್ರಿ. ನಾನು ಹೊಸದು ಕಟ್ಟಿಸಲೇ ಇಲ್ಲ. ಆಫೀಸಿನಿಂದ ಹೊರಗೆ ಹಾಕಿದ ನಾಲ್ಕನೇ ಜನರೇಶನ್ ಐ5 ಪಿಸಿ ಸಾಂಗಲಿಯಲ್ಲಿ 7,000ಕ್ಕೆ ತಂದೆ. ಅದಕ್ಕೆ ಜಿಟಿಎಕ್ಸ್ 1650 ಕಾರ್ಡ್. ಈ ಕಾರ್ಡಿನಲ್ಲಿ 75 ವ್ಯಾಟ್ ಸಾಕಾಗುವ ಮಾಡೆಲ್ ಇದೆ, ಸ್ಲಾಟಿನಿಂದಲೇ ಕರೆಂಟು, ಬೇರೆ ವೈರ್ ಬೇಡ. ಅದನ್ನೇ ಹುಡುಕಿದೆ. ಯಾಕಂದರೆ ಆಫೀಸ್ ಪಿಸಿಯ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಕೊಡಲು ವೈರೇ ಇರಲಿಲ್ಲ, ಬೋರ್ಡಿನ ಪಿನ್ನೂ ಬೇರೆ ಥರ. ಕಾರ್ಡ್ ಬಂತು, ಕ್ಯಾಬಿನೆಟ್ ಒಳಗೆ ಹಿಡಿಸಲಿಲ್ಲ! ಹಾರ್ಡ್ ಡಿಸ್ಕ್ ಕೂರಿಸುವ ತಗಡು ಅಡ್ಡ. ಊರಿನ ವೆಲ್ಡಿಂಗ್ ಅಂಗಡಿಯವ ಗ್ರೈಂಡರ್ ಹಚ್ಚಿ ಕತ್ತರಿಸಿದ. 50 ರೂಪಾಯಿ ತಗೊಂಡ, ಚಹಾ ಅವನೇ ಕುಡಿಸಿದ. ಕಿಡಿ ಒಳಗೆ ಬೀಳಬಾರದು ಅಂತ ಬೋರ್ಡ್ ಬಿಚ್ಚಿ ನನ್ನ ಧೋತರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಮಾನಿಟರ್ ಸೇರಿ 21 ಸಾವಿರದಲ್ಲಿ ಮುಗಿಯಿತು. ಮಗ ಎರಡು ವರ್ಷ ಆಡಿದ.

ಹೊಸೂರು ಗಡಿ
ಮಾಸ್ತರೇ, ಕತೆ ಚೆನ್ನಾಗಿದೆ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. ನಿಮ್ಮ ನಾಲ್ಕನೇ ಜನರೇಶನ್‌ಗೆ 11 ಅಧಿಕೃತವಾಗಿ ಬರಲ್ಲ. ಹೇಗೋ ತುರುಕಿದರೂ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಬೇಕು. ಹುಡುಗ ಕೇಳಿದ್ದೇ ವ್ಯಾಲರಂಟ್.

ಜತ್ ಮಾಸ್ತರ
ಅದಕ್ಕೇ "ಎರಡು ವರ್ಷ ಆಡಿದ" ಅಂದೆ. ಈಗ ಆಡುತ್ತಾನೆ ಅಂದೆನಾ? ಓದದೆ ಉತ್ತರ ಕೊಡುವ ಹುಡುಗರನ್ನು ದಿನಾ ಕ್ಲಾಸಿನಲ್ಲಿ ನೋಡುತ್ತೇನೆ.

ತಾಳವಾಡಿ
ನನ್ನದು ಚಿಕ್ಕದು, ಹೇಳಲು ನಾಚಿಕೆ. ಸಾಲ ಮಾಡಿ ಒಳ್ಳೆಯ ಕಾರ್ಡ್ ಹಾಕಿಸಿದ್ದೆ. ಪ್ರೊಸೆಸರ್ ಎಫ್ ಇಲ್ಲದ 12400, ಅಂದರೆ ಅದರೊಳಗೂ ಗ್ರಾಫಿಕ್ಸ್ ಇದೆ. ಮೂರು ವಾರ ಗೇಮ್ ತಡವರಿಸುತ್ತಲೇ ಇತ್ತು. ಕೊನೆಗೆ ತಂಗಿ ಹಿಂದೆ ಬಗ್ಗಿ, "ಅಣ್ಣ, ಕೆಳಗೆ ಇನ್ನೊಂದು ಇದೇ ಥರದ ತೂತು ಇದೆ, ಖಾಲಿ ಇದೆ" ಅಂದಳು. ಮಾನಿಟರ್ ವೈರನ್ನು ಕಾರ್ಡಿಗೆ ಹಾಕದೆ ಬೋರ್ಡಿಗೆ ಹಾಕಿದ್ದೆ. ಆಮೇಲೆ ಇನ್ನೊಂದು ತಿಂಗಳು 165 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಮಾನಿಟರನ್ನು 60ರಲ್ಲೇ ಓಡಿಸಿದೆ. ವಿಂಡೋಸ್‌ನಲ್ಲಿ ನಾವೇ ಬದಲಾಯಿಸಬೇಕಂತೆ, ಯಾರು ಹೇಳಿದ್ದರು?

ಮುಳ್ಳೇರಿಯ ಅಡಿಕೆ
ಕಾರ್ಡ್, ಕ್ಯಾಶ್ ಎಲ್ಲ ಆಮೇಲೆ. ನಮ್ಮ ಕಡೆ ಪಿಸಿ ಸಾಯುವುದು ಸಿಡಿಲಿಗೆ. ತುಲಾ ತಿಂಗಳ ಮಳೆ ಗೊತ್ತಲ್ಲ, ಮಧ್ಯಾಹ್ನ ಮೂರರವರೆಗೆ ಬಿಸಿಲು, ನಾಲ್ಕಕ್ಕೆ ಆಕಾಶ ಒಡೆಯುತ್ತದೆ. ಆ ದಿನ ಅಂಗಳದಲ್ಲಿ ಅಡಿಕೆ ಇತ್ತು. ಮನೆಯವರೆಲ್ಲ ಅದನ್ನು ರಾಶಿ ಮಾಡಲು ಓಡಿದೆವು. ಓಡುವ ಮೊದಲು ಪಿಸಿಯ ಪ್ಲಗ್ ತೆಗೆದಿದ್ದೆ, ಆಣೆಗೂ ತೆಗೆದಿದ್ದೆ. ಆದರೆ ಮೋಡೆಮ್‌ನ ಪ್ಲಗ್ ಬಿಟ್ಟಿದ್ದೆ, ಅಲ್ಲಿಂದ ಪಿಸಿಗೆ ಲ್ಯಾನ್ ವೈರ್ ಹಾಗೇ ಇತ್ತು. ಸಿಡಿಲು ಅಲ್ಲಿಂದ ಒಳಗೆ ಬಂತು. ಮೋಡೆಮ್, ಬೋರ್ಡ್ ಎರಡೂ ಹೋದವು. ಲ್ಯಾನ್ ಪೋರ್ಟಿನ ಪಕ್ಕ ಸಾಸಿವೆಯಷ್ಟು ಕಪ್ಪು ಚುಕ್ಕೆ. ಸರ್ವಿಸ್ ಸೆಂಟರಿನಲ್ಲಿ ಆ ಹುಡುಗಿ ಟಾರ್ಚ್ ಬಿಟ್ಟು ಚುಕ್ಕೆ ನೋಡಿದಳು, "ಬರ್ನ್ ಮಾರ್ಕ್, ವಾರಂಟಿ ಇಲ್ಲ" ಅಂದಳು. ಮೂರು ವರ್ಷದ ವಾರಂಟಿ ಮೂರು ಸೆಕೆಂಡಿನಲ್ಲಿ ಮುಗಿಯಿತು. ಹೊಸ ಬೋರ್ಡ್ 7,200. ಅಪ್ಪ ಅದನ್ನು ಇಂದಿಗೂ ಕಿಲೋ ಅಡಿಕೆಯ ಲೆಕ್ಕದಲ್ಲೇ ಹೇಳುತ್ತಾರೆ.

ಯುಪಿಎಸ್ ಬಗ್ಗೆಯೂ ಹೇಳುತ್ತೇನೆ. 600 ವಿಎ ಅಂತ ಡಬ್ಬಿಯಲ್ಲಿ ದೊಡ್ಡದಾಗಿ ಬರೆದಿರುತ್ತದೆ, ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಗೇಮ್ ಆಡುವಾಗ ಕರೆಂಟು ಹೋದರೆ ನನ್ನದು ಟಕ್ ಅಂತ ಪೂರ್ತಿ ಆಫ್ ಆಗುತ್ತಿತ್ತು. ಅಂಗಡಿಯವ ಬ್ಯಾಟರಿ ಬದಲಿಸಿದ, 900 ಹೋಯಿತು, ಮತ್ತೆ ಅದೇ. ಕೊನೆಗೆ ತಿಳಿದದ್ದು ಏನೆಂದರೆ, ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗೆ ಅಗ್ಗದ ಯುಪಿಎಸ್‌ನ ಕೃತಕ ಸೈನ್ ವೇವ್ (ಮನೆಯ ಕರೆಂಟಿನ ಹಾಗೆ ನಯವಲ್ಲದ ಅಲೆ) ಒಗ್ಗುವುದಿಲ್ಲ.

ಹೊಸೂರು ಗಡಿ
80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್ ತಗೊಂಡಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ.

ಮುಳ್ಳೇರಿಯ ಅಡಿಕೆ
ಬ್ರಾಂಜೇ ಇತ್ತು. ಬ್ರಾಂಜ್ ಅಂದರೆ ಕರೆಂಟು ಎಷ್ಟು ಪೋಲು ಮಾಡುತ್ತದೆ ಅನ್ನುವ ಲೆಕ್ಕ. ಸಿಡಿಲು ತಡೆಯುವ ತಾಯಿತ ಅಲ್ಲ. ಸುಮ್ನೆ ಸ್ಟಿಕ್ಕರ್ ನೋಡಿ ಮಾತಾಡಬೇಡಿ.

ಹೊಸೂರು ಗಡಿ
ತಾಯಿತ ಅಂತ ನಾನೆಲ್ಲಿ ಅಂದೆ? ಈ ಕರಾವಳಿಯವರ ಹತ್ತಿರ ಮಾತಾಡುವುದೇ ಕಷ್ಟ.

ಉಪ್ಪಳ ಗೇಮರ್
ಮುಳ್ಳೇರಿಯ ಕರಾವಳಿ ಅಲ್ಲ. ಮ್ಯಾಪ್ ನೋಡಿ. ಶೇಡರ್ ಎಣಿಸಲು ಬರುತ್ತದೆ, ಊರು ಗೊತ್ತಿಲ್ಲ.

ಮುಳ್ಳೇರಿಯ ಅಡಿಕೆ
ಸಮುದ್ರ ನೋಡಬೇಕಾದರೆ ನಾವು ಬಸ್ಸು ಹತ್ತಬೇಕು, ಅದು ನಿಜ. ಆದರೆ ತುಕ್ಕಿನ ವಿಷಯದಲ್ಲಿ ಉಪ್ಪಳದವರು ಮಾತಾಡಲಿ. ಉಪ್ಪುಗಾಳಿಗೆ ಕ್ಯಾಬಿನೆಟ್ ಸ್ಕ್ರೂ ಬಿಚ್ಚಲು ಬರುತ್ತದಾ ಕೇಳಿ.

ಉಪ್ಪಳ ಗೇಮರ್
ಎರಡು ಸ್ಕ್ರೂ ಮಾತ್ರ. ಉಳಿದದ್ದಕ್ಕೆ ತೆಂಗಿನೆಣ್ಣೆ ಹಾಕಿದ್ದೇನೆ.

ಹೊಸೂರು ಗಡಿ
ಕಂಪ್ಯೂಟರಿಗೆ ತೆಂಗಿನೆಣ್ಣೆ!

ಬದಿಯಡ್ಕದ ಹುಡುಗ
ಎಲ್ಲರಿಗೂ ಧನ್ಯವಾದ ಅಣ್ಣಂದಿರೇ. ನಾಲ್ಕು ಸಲ ಓದಿದೆ. ಯುಪಿಎಸ್ 50ರ ಒಳಗೋ ಹೊರಗೋ ಅಂತ ಇನ್ನೂ ಗೊತ್ತಾಗಲಿಲ್ಲ. ನಾಳೆ ಮಂಗಳೂರಿಗೆ ಹೋಗುತ್ತಿದ್ದೇನೆ. ಎಂಟರ ಎರಡು ಸ್ಟಿಕ್ ಅಂತ ಚೀಟಿಯಲ್ಲೇ ಬರೆಸುತ್ತೇನೆ. ಇನ್ನೊಂದು ವಿಷಯ. ಇದರಲ್ಲಿ ಅಡಿಕೆ ಲೆಕ್ಕದ ಪ್ರಿಂಟ್ ತೆಗೆಯಬಹುದಾ ಅಂತ ಅಪ್ಪ ಈಗ ಕೇಳುತ್ತಿದ್ದಾರೆ. ಪ್ರಿಂಟರ್ ಯಾವುದು ಒಳ್ಳೆಯದು?

ಜತ್ ಮಾಸ್ತರ
ತಮ್ಮಾ, ಪ್ರಿಂಟರ್ ಹೆಸರು ಎತ್ತಬೇಡ. ನಾನು 2021ರಲ್ಲಿ ಒಂದು ತಂದೆ. ಅದರ ಇಂಕಿಗೆ ಇವತ್ತಿನವರೆಗೆ ಎಷ್ಟು ಸುರಿದಿದ್ದೇನೆ ಗೊತ್ತಾ? ತಡಿ, ಡೈರಿ ತರುತ್ತೇನೆ.