ಯಾರ ಪಾರ್ಲಿಮೆಂಟಿಗೆ ಜಾಸ್ತಿ ಪವರ್: ನಮ್ಮದಕ್ಕಾ, ಅಮೆರಿಕದ್ದಕ್ಕಾ?

ಸುಮಾ, ಠಾಣೆ:

ಮನೆಯಲ್ಲಿ ನಿನ್ನೆಯಿಂದ ಒಂದು ವಾದ ನಡೆದಿದೆ, ಯಾರಾದ್ರೂ ಬಿಡಿಸಿ. ನ್ಯೂಜೆರ್ಸಿಯಿಂದ ನಮ್ಮ ಭಾವ ಬಂದಿದ್ದಾರೆ. ಅವರ ಪ್ರಕಾರ ಭಾರತದ ಪಾರ್ಲಿಮೆಂಟೇ ಗಟ್ಟಿ. 1999ರಲ್ಲಿ ಒಂದೇ ಒಂದು ಓಟಿನಿಂದ ವಾಜಪೇಯಿ ಸರ್ಕಾರವನ್ನು ಕೆಡವಿತು. ಅಮೆರಿಕದಲ್ಲಿ ಟ್ರಂಪ್ ಮೇಲೆ ಎರಡು ಸಲ ಮಹಾಭಿಯೋಗ ತಂದರೂ ಕುರ್ಚಿ ಅಲ್ಲಾಡಲಿಲ್ಲ ಅಂತಾರೆ. ಮಗಳು ಕಾನೂನು ಓದುತ್ತಿದ್ದಾಳೆ, ಅವಳದ್ದು ಉಲ್ಟಾ. ಅಲ್ಲಿ ಕಾಂಗ್ರೆಸ್, ಅಂದರೆ ಅವರ ಪಾರ್ಲಿಮೆಂಟು, ದುಡ್ಡು ಬಿಡದಿದ್ದರೆ ಸರ್ಕಾರಿ ಆಫೀಸೇ ಬಾಗಿಲು ಹಾಕುತ್ತವೆ, 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಹಾಗೇ ಆಯಿತು, ನಮ್ಮಲ್ಲಿ ಬಜೆಟ್ ನಿಂತಿದ್ದು ಯಾವತ್ತಾದ್ರೂ ಕೇಳಿದ್ದೀಯಾ ಅಂತ ನನ್ನನ್ನೇ ಕೇಳ್ತಾಳೆ. ನನಗಂತೂ ಇಬ್ಬರೂ ಸರಿ ಅನಿಸುತ್ತೆ. ಅದು ಹೇಗೆ ಸಾಧ್ಯ?

ರಾಯರು, ಮಾಟುಂಗಾ:

ಸುಮಾ ಅವರೇ, ಇಬ್ಬರೂ ಸರಿಯೇ. ಸರ್ಕಾರವನ್ನು ಇಳಿಸುವ ಅಧಿಕಾರ ಬೇರೆ, ಸರ್ಕಾರಕ್ಕೆ 'ಇಲ್ಲ' ಅನ್ನುವ ಅಧಿಕಾರ ಬೇರೆ. ಭಾವ ಮೊದಲನೆಯದರ ಬಗ್ಗೆ ಮಾತಾಡ್ತಿದ್ದಾರೆ, ಮಗಳು ಎರಡನೆಯದರ ಬಗ್ಗೆ.

ನಾನು ಬ್ಯಾಂಕಿನಲ್ಲಿದ್ದಾಗ ಸಂಜೆ ಕೋಟೆ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಪೌರನೀತಿ ಹೇಳಿಕೊಡುತ್ತಿದ್ದೆ. ಹುಡುಗರೆಲ್ಲ ಹೋಟೆಲ್ ಕೆಲಸದವರು. ಟೇಬಲ್ ಒರೆಸಿ, ಮುಖ ತೊಳೆದುಕೊಂಡು, ಏಳು ಗಂಟೆಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು ಅನ್ನಿ. 1997ರ ಏಪ್ರಿಲ್ 11ರಂದು ದೇವೇಗೌಡರು ವಿಶ್ವಾಸಮತ ಸೋತರಲ್ಲ, ಪರವಾಗಿ 158, ವಿರುದ್ಧ 292. ಮಾರನೇ ವಾರ ಕುಂದಾಪುರದ ಹುಡುಗನೊಬ್ಬ ಎದ್ದು ನಿಂತ. 'ಸಾರ್, ಗೌಡ್ರು ತಮಗೆ ತಾವೇ ಓಟು ಹಾಕ್ಲಿಲ್ವಂತೆ, ಯಾಕೆ?' ಎಂಥಾ ಪ್ರಶ್ನೆ ನೋಡಿ! ಗೌಡರು ಆಗ ರಾಜ್ಯಸಭೆ ಸದಸ್ಯರು. ವಿಶ್ವಾಸಮತ ನಡೆಯುವುದು ಲೋಕಸಭೆಯಲ್ಲಿ. ಅಲ್ಲಿ ಮಾತಾಡಬಹುದು, ಓಟಿಲ್ಲ. ಮಂತ್ರಿಮಂಡಲ ಲೋಕಸಭೆಗೆ ಮಾತ್ರ ಜವಾಬ್ದಾರಿ ಅಂತ ಸಂವಿಧಾನದ 75ನೇ ವಿಧಿ ಹೇಳುತ್ತದೆ. ಇಡೀ ಸಂಸದೀಯ ಪದ್ಧತಿಯ ಜೀವ ಇರುವುದು ಅಲ್ಲೇ. ಆ ಒಂದು ಸಭೆಯ ನಂಬಿಕೆ ಇರುವವರೆಗೆ ಪ್ರಧಾನಿ, ಹೋದ ದಿನ ಮಾಜಿ.

ಅಮೆರಿಕದಲ್ಲಿ ಅಧ್ಯಕ್ಷರನ್ನು ಕೂರಿಸಿದ್ದು ಕಾಂಗ್ರೆಸ್ ಅಲ್ಲ, ಚುನಾವಣೆ. ಹಾಗಾಗಿ 'ನಂಬಿಕೆ ಇಲ್ಲ' ಅಂತ ಇಳಿಸೋ ದಾರಿಯೇ ಇಲ್ಲ. ಮಹಾಭಿಯೋಗ ಅಂದರೆ ತಪ್ಪಿನ ವಿಚಾರಣೆ, ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಓಟು ಬೇಕು. ಇವತ್ತಿನವರೆಗೆ ಒಬ್ಬ ಅಧ್ಯಕ್ಷರನ್ನೂ ಸೆನೆಟ್ ಹಾಗೆ ತೆಗೆದಿಲ್ಲ. ಆದರೆ ದುಡ್ಡಿನ ಗಂಟು ಕಾಂಗ್ರೆಸ್ ಕೈಯಲ್ಲಿ. ಅಧ್ಯಕ್ಷರು ಕಳಿಸುವ ಬಜೆಟ್ ಬರೀ ಸಲಹೆ. ಅದನ್ನು ಮೂಲೆಗಿಟ್ಟು ಕಾಂಗ್ರೆಸ್ ತನ್ನದೇ ಲೆಕ್ಕ ಬರೆಯಬಹುದು, ಕೂಡಿಸಬಹುದು, ಕಳೆಯಬಹುದು.

ನಮ್ಮ ಲೋಕಸಭೆ ಒಂದು ರೂಪಾಯಿ ಕೂಡಿಸುವ ಹಾಗಿಲ್ಲ. 113ನೇ ವಿಧಿ ಪ್ರಕಾರ ಒಪ್ಪಬಹುದು, ನಿರಾಕರಿಸಬಹುದು, ಇಲ್ಲಾ ಕಡಿಮೆ ಮಾಡಬಹುದು. ಕಡಿಮೆ ಮಾಡುವುದಕ್ಕೆ ಕಟ್ ಮೋಷನ್ ಅಂತಾರೆ. ಒಂದು ಇಲಾಖೆಯ ನೀತಿಯೇ ಒಪ್ಪಿಗೆ ಇಲ್ಲದಿದ್ದರೆ 'ಈ ಬೇಡಿಕೆಯನ್ನು (ಇಲಾಖೆ ಕೇಳಿದ ಹಣವನ್ನು) 1 ರೂಪಾಯಿಗೆ ಇಳಿಸಿ' ಅಂತ ಮಂಡಿಸುತ್ತಾರೆ. ಒಂದು ನಿರ್ದಿಷ್ಟ ದೂರು ಇದ್ದರೆ '100 ರೂಪಾಯಿ ಕಡಿತ ಮಾಡಿ'. ಸಾವಿರಾರು ಕೋಟಿಯಲ್ಲಿ ನೂರು ರೂಪಾಯಿ! ಆದರೆ ಆ ನೂರು ರೂಪಾಯಿ ಗೆದ್ದರೆ ಸರ್ಕಾರ ಬಹುಮತ ಕಳೆದುಕೊಂಡ ಹಾಗೆ. ಅದಕ್ಕೇ ಯಾವ ಸರ್ಕಾರವೂ ಗೆಲ್ಲಲು ಬಿಡುವುದಿಲ್ಲ. ಸಮಯ ಮುಗಿಯಿತು ಅಂದರೆ ಗಿಲೊಟಿನ್, ಚರ್ಚೆ ಆಗದ ಬೇಡಿಕೆಗಳೆಲ್ಲ ಒಟ್ಟಿಗೆ ಪಾಸ್. 2018ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಇಡೀ ಬಜೆಟ್ ಚರ್ಚೆಯೇ ಇಲ್ಲದೆ ಹಾಗೆ ದಾಟಿತು.

ಅಂದರೆ ನಮ್ಮ ಸಭೆಗೆ ಕೊಟ್ಟಿರುವುದು ಒಂದು ದೊಡ್ಡ ಕೊಡಲಿ. ಮರ ಕಡಿಯಬಹುದು, ಕೊಂಬೆ ಸವರಲು ಬರುವುದಿಲ್ಲ.

ಶ್ರೀಧರ, ಚಾಕಣ್:

ರಾಯರೇ, 1999ರ ಬಗ್ಗೆ ನನ್ನದೊಂದು ಮಾತು. ನಾನಿರುವುದು ಪುಣೆ ಹತ್ತಿರ ಒಂದು ಜರ್ಮನ್ ಕಂಪನಿಯ ಫ್ಯಾಕ್ಟರಿಯಲ್ಲಿ. ಊಟದ ಹೊತ್ತಿಗೆ ಅಲ್ಲಿಂದ ಬಂದ ಮ್ಯಾನೇಜರ್‌ಗೆ 269-270ರ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: 'ಸರಿ, ಮುಂದಿನ ಪ್ರಧಾನಿ ಯಾರು ಅಂತ ಆ 270 ಜನ ಹೇಳಲಿಲ್ಲವಾ?' ಹೇಳಲಿಲ್ಲ! ಕೆಡವಿದವರಿಗೆ ಸರ್ಕಾರ ಕಟ್ಟಲು ಆಗಲಿಲ್ಲ. ಲೋಕಸಭೆಯೇ ವಿಸರ್ಜನೆ ಆಯಿತು. ಕಾರ್ಗಿಲ್ ಯುದ್ಧ ನಡೆದಾಗ ದೆಹಲಿಯಲ್ಲಿದ್ದದ್ದು ಉಸ್ತುವಾರಿ ಸರ್ಕಾರ.

ಜರ್ಮನಿಯಲ್ಲಿ ಹೀಗಾಗಲ್ಲ. ಚಾನ್ಸಲರ್‌ನ (ಅಲ್ಲಿನ ಪ್ರಧಾನಿ ಅನ್ನಿ) ಇಳಿಸಬೇಕಾದರೆ ಅದೇ ಓಟಿನಲ್ಲಿ ಹೊಸಬರನ್ನು ಆರಿಸಬೇಕು, ಅವರ ಸಂವಿಧಾನದ 67ನೇ ವಿಧಿ. ಹಿಟ್ಲರ್‌ಗಿಂತ ಮುಂಚೆ ಎಡ-ಬಲದ ತುದಿಯ ಪಕ್ಷಗಳು ಕೆಡವುವುದಕ್ಕೆ ಮಾತ್ರ ಒಂದಾಗುತ್ತಿದ್ದವು, ಆ ಪೆಟ್ಟು ತಿಂದ ಮೇಲೆ 1949ರಲ್ಲಿ ಹೀಗೆ ಬರೆದುಕೊಂಡರು. 1972ರಲ್ಲಿ ಚಾನ್ಸಲರ್ ಬ್ರಾಂಟ್ ಮೇಲೆ ಪ್ರಯತ್ನ ಆಯಿತು, 249 ಬೇಕಿತ್ತು, 247 ಬಂತು. ಗೆದ್ದಿದ್ದು ಒಂದೇ ಸಲ, 1982ರ ಅಕ್ಟೋಬರ್ 1, ಶ್ಮಿಟ್ ಹೋಗಿ ಕೋಲ್ ಬಂದರು. ನಮಗೂ ಇದು ಬೇಕು ಅಲ್ವಾ?

ಬಸು, ವಾಸ್ಕೋ:

ಶ್ರೀಧರ ಸರ, ಯಾವ ದೇಶದ ನಿಯಮ ತಂದರೂ ನಮ್ಮ ಗೋವಾದವರು ಅದರೊಳಗೇ ಕಿಂಡಿ ಹುಡುಕುತ್ತಾರೆ. ಇಲ್ಲಿರುವುದೇ 40 ಶಾಸಕರು. 2019ರ ಜುಲೈ 10, ಕಾಂಗ್ರೆಸ್ ಪಕ್ಷದ 15ರಲ್ಲಿ 10 ಜನ ಬಿಜೆಪಿಗೆ ಹೋದರು. ಹತ್ತೇ ಯಾಕೆ? ಮೂರನೇ ಎರಡು ಭಾಗ ಹೋದರೆ ಅದು ಪಕ್ಷಾಂತರ ಅಲ್ಲ, ವಿಲೀನ! ಒಬ್ಬ ಹೋದರೆ ಕಳ್ಳ, ಹತ್ತು ಜನ ಹೋದರೆ ಮೆರವಣಿಗೆ. ಕೇಸು ಸ್ಪೀಕರ್ ಹತ್ತಿರ ಹೋಯಿತು, ಆಮೇಲೆ ಹೈಕೋರ್ಟಿನ ಗೋವಾ ಪೀಠಕ್ಕೆ. ತೀರ್ಪು ಅವರ ಪರವಾಗಿಯೇ ಬಂತು, ಅದೂ 2022ರ ಫೆಬ್ರವರಿಯಲ್ಲಿ, ಮುಂದಿನ ಚುನಾವಣೆಗೆ ಓಟು ಹಾಕಿ ಬೆರಳಿಗೆ ಶಾಯಿ ಹಚ್ಚಿಕೊಂಡು ಬಂದ ಮೇಲೆ.

ಅದೇ ಜುಲೈ 10ಕ್ಕೆ ನಿಮ್ಮ ಮುಂಬೈಯಲ್ಲಿ ಡಿ.ಕೆ. ಶಿವಕುಮಾರ್ ಪೊವಾಯಿಯ ಹೋಟೆಲ್ ಹೊರಗೆ ಮಳೆಯಲ್ಲಿ ನಿಂತಿದ್ದರು, ನೆನಪಿದೆಯಾ? ಒಳಗೆ ಸರ್ಕಾರದ ವಿರುದ್ಧ ತಿರುಗಿದ್ದ ಕರ್ನಾಟಕದ ಶಾಸಕರು. ವಿಧಾನಸೌಧ ಇದ್ದದ್ದು ಬೆಂಗಳೂರಲ್ಲಿ, ಸರ್ಕಾರ ಬಿದ್ದದ್ದು ಪೊವಾಯಿ ಕೆರೆ ದಂಡೆ ಮೇಲೆ. ಇದಕ್ಕೆ ಸಭೆಯ ಅಧಿಕಾರ ಅಂತೀರೇನು ರಾಯರೇ?

ರಾಯರು, ಮಾಟುಂಗಾ:

ಬಸು, ನಿಮ್ಮ ಮೆರವಣಿಗೆ ಮಾತಿಗೆ ನಕ್ಕೆ. ಆದರೆ ನೀವು ಹೇಳಿದ್ದೇ ಅಸಲು ವಿಷಯ.

ಎಲ್ಲರೂ ಸಂಸದೀಯ ಪದ್ಧತಿ, ಅಧ್ಯಕ್ಷೀಯ ಪದ್ಧತಿ ಅಂತ ಎರಡು ಡಬ್ಬಿ ಇಟ್ಟುಕೊಂಡು ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಇದು: ಒಬ್ಬ ಸದಸ್ಯ ತನ್ನದೇ ಸರ್ಕಾರಕ್ಕೆ 'ಇಲ್ಲ' ಅಂದು ಸೀಟು ಉಳಿಸಿಕೊಳ್ಳಬಹುದಾ? 2017ರ ಜುಲೈನಲ್ಲಿ ಟ್ರಂಪ್ ಪಕ್ಷದವರು ಒಬಾಮಾ ಕಾಲದ ಆರೋಗ್ಯ ಕಾನೂನು ತೆಗೆಯಲು ಮಸೂದೆ ತಂದರು. ಅದೇ ಪಕ್ಷದ ಮೂವರು, ಮೆಕೇನ್ ಸೇರಿ, ವಿರುದ್ಧ ಓಟು ಹಾಕಿದರು. 49-51, ಬಿದ್ದುಹೋಯಿತು. ಮೂವರೂ ಸೆನೆಟರ್ ಆಗಿಯೇ ಉಳಿದರು.

ಅದು ಅಮೆರಿಕ, ಬಿಡಿ. ನಮಗೆ ಈ ಪದ್ಧತಿ ಕಲಿಸಿದ ಬ್ರಿಟನ್ನನ್ನೇ ನೋಡಿ. 2019ರ ಜನವರಿಯಲ್ಲಿ ಪ್ರಧಾನಿ ತೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ (ಐರೋಪ್ಯ ಒಕ್ಕೂಟ ಬಿಡುವುದು) 202-432ರಲ್ಲಿ ಸೋತಿತು. ಅವರದೇ ಪಕ್ಷದ 118 ಜನ ವಿರುದ್ಧ. ಮಾರನೇ ದಿನವೇ ಅವಿಶ್ವಾಸ ನಿರ್ಣಯ, ಅದರಲ್ಲಿ ಮೇ ಗೆದ್ದರು, 325-306. 'ನಿಮ್ಮ ಒಪ್ಪಂದ ಬೇಡ, ಆದರೆ ನೀವು ಇರಿ' ಅಂತ ಸಭೆ ಹೇಳಿತು. ಈ ಎರಡು ಮಾತನ್ನು ಬೇರೆ ಬೇರೆ ಹೇಳುವ ಸ್ವಾತಂತ್ರ್ಯ ನಮ್ಮ ಸಂಸದರಿಗೆ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ (ಹೀಗೇ ಓಟು ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದರೆ ಸೀಟಿಗೇ ಕುತ್ತು, ಅದು ವಿಶ್ವಾಸಮತ ಇರಲಿ, ಯಾವುದೋ ಸಣ್ಣ ಮಸೂದೆ ಇರಲಿ. ಇನ್ನು ಸಭೆಯಲ್ಲಿ ಕೂತು ಓದಿ ಯೋಚಿಸುವ ಕೆಲಸ ಯಾರಿಗೆ ಬೇಕು? ಖಾಸಗಿ ಸದಸ್ಯರ ಮಸೂದೆ, ಅಂದರೆ ಮಂತ್ರಿಯಲ್ಲದವರು ತರುವ ಮಸೂದೆ, ಕೊನೆಯದಾಗಿ ಕಾನೂನಾಗಿದ್ದು 1970ರಲ್ಲಿ.

ಶ್ರೀಧರ್, ಜರ್ಮನ್ ನಿಯಮ ಒಳ್ಳೆಯದೇ, ಆದರೆ ಅದು ಸರ್ಕಾರವನ್ನು ಕಾಯುತ್ತದೆ, ಸಭೆಯನ್ನಲ್ಲ. ನಮಗೆ ಮೊದಲು ಬೇಕಾಗಿರುವುದು ಎರಡನೆಯದು.

ಸುಮಾ, ಠಾಣೆ:

ಮಗಳು ಓದಿ ಹೇಳಿದಳು: ರಾಯರೇ, ವಿಪ್ ತೆಗೆದರೆ ದಿನಕ್ಕೊಂದು ಪಕ್ಷ ಬದಲಿಸುವ ಕಾಲ ಮತ್ತೆ ಬರಲ್ವಾ? 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಅವರಿಂದ ತಾನೇ 'ಆಯಾ ರಾಮ್ ಗಯಾ ರಾಮ್' ಶುರುವಾಗಿದ್ದು?

ರಾಯರು, ಮಾಟುಂಗಾ:

ವಿಪ್ ಪೂರ್ತಿ ತೆಗೆಯಿರಿ ಅಂತ ನಾನು ಹೇಳಲ್ಲ, ತಾಯಿ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಮಧ್ಯದ ದಾರಿ ಹೇಳಿತ್ತು. ಪಕ್ಷ ಬಿಟ್ಟು ಹೋದರೆ ಸೀಟು ಹೋಗಲಿ. ವಿಶ್ವಾಸ, ಅವಿಶ್ವಾಸದ ಓಟಿನಲ್ಲಿ ವಿಪ್ ಮೀರಿದರೂ ಹೋಗಲಿ. ಉಳಿದ ಮಸೂದೆಗಳಿಗೆ ಸದಸ್ಯ ತನಗೆ ಸರಿ ಕಂಡಂತೆ ಓಟು ಹಾಕಲಿ. ಗಯಾ ಲಾಲ್ ಕಾಟವೂ ಇಲ್ಲ, ಮಸೂದೆ ಸೋತರೆ ಸರ್ಕಾರವೂ ಬೀಳಲ್ಲ. ಆಮೇಲೆ ಎಷ್ಟೋ ಸರ್ಕಾರ ಬಂದವು, ಎಲ್ಲ ಪಕ್ಷದವರೂ ಆಳಿದರು. ವಿಪ್ಪಿನ ತಂಟೆಗೆ ಮಾತ್ರ ಒಬ್ಬರೂ ಹೋಗಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಅದರಿಂದ ಏನು ಲಾಭ ಹೇಳಿ? ಮಗಳಿಗೆ ಆ ವರದಿ ಓದಲು ಹೇಳಿ, ಪರೀಕ್ಷೆಗೂ ಆಗುತ್ತೆ.